ಪುಟ್ಟ ಗಣಕಯಂತ್ರಕ್ಕೆ ಮೂರು ಪರದೆ: ಕೊಳ್ಳುವ ಮುನ್ನ ತಿಳಿದಿರಬೇಕಾದ ವಿಚಾರಗಳು



ಸಂಘದ ಕಚೇರಿಯ ಖರೀದಿ ಕೌಂಟರಿನಲ್ಲಿ ಈಗ ಒಂದೇ ಗಣಕಯಂತ್ರಕ್ಕೆ ಮೂರು ಪರದೆಗಳು ಇರುವುದನ್ನು ತಾವು ನೋಡಿದ್ದೀರಿ. "ಮೊದಲು ಒಂದರಲ್ಲೇ ಕೆಲಸ ನಡೆಯುತ್ತಿತ್ತಲ್ಲ, ಈಗ ಮೂರೇಕೆ? ಇದು ದುಂದುಗಾರಿಕೆಯಲ್ಲವೆ?" ಎಂದು ಕೆಲವು ಸದಸ್ಯರು ಕೇಳಿದ್ದಾರೆ. ಇದು ಕೇಳಲೇಬೇಕಾದ ಪ್ರಶ್ನೆ. ಸಂಘದ ಪೆಟ್ಟಿಗೆಯಲ್ಲಿರುವ ಪ್ರತಿಯೊಂದು ರೂಪಾಯಿಯೂ ತಮ್ಮ ಅಡಿಕೆ, ಕಾಫಿ ಮೂಟೆಗಳಿಂದ ಬಂದದ್ದು. ಅದರ ಲೆಕ್ಕ ಒಪ್ಪಿಸುವುದು ನಮ್ಮ ಕರ್ತವ್ಯ.

ಇನ್ನು ಕೆಲವರು ಬೇರೊಂದು ಕಾರಣದಿಂದ ಇದೇ ವಿಷಯವನ್ನು ವಿಚಾರಿಸಿದ್ದಾರೆ. 2020ರ ನಂತರ ನಮ್ಮ ಅನೇಕ ಸದಸ್ಯರ ಮಕ್ಕಳು ಬೆಂಗಳೂರಿನ ಉದ್ಯೋಗವನ್ನು ತೋಟದ ಮನೆಯಲ್ಲೇ ಕುಳಿತು ಮಾಡುತ್ತಿದ್ದಾರೆ. ಅವರಿಗೂ ಎರಡು ಮೂರು ಪರದೆ ಬೇಕಾಗುತ್ತದೆ. ಪೇಟೆಗೆ ಹೋಗಿ ಸಾಮಾನು ತಂದು, ಮನೆಯಲ್ಲಿ ಜೋಡಿಸಿದಾಗ ಒಂದು ಪರದೆ ಹೊತ್ತಿಕೊಳ್ಳುವುದೇ ಇಲ್ಲ, ಅಥವಾ ಹೊತ್ತಿಕೊಂಡರೂ ಚಿತ್ರ ಮಸುಕು. ಮತ್ತೆ ಅರವತ್ತು ಎಪ್ಪತ್ತು ಕಿಲೋಮೀಟರ್ ದೂರದ ಪೇಟೆಗೆ ಓಡಾಟ. ಆದ್ದರಿಂದ ನಾವು ಕೊಳ್ಳುವ ಮೊದಲು ವಿಚಾರಿಸಿ ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇವೆ.

ಮೂರು ಪರದೆ ಏಕೆ?

ಮೊದಲನೆಯ ಪರದೆಯಲ್ಲಿ ಗುಮಾಸ್ತರು ಖರೀದಿ ಪಟ್ಟಿ ತಯಾರಿಸುತ್ತಾರೆ. ಎರಡನೆಯದರಲ್ಲಿ ಪಹಣಿ, ಹಳೆಯ ಸಾಲದ ಖಾತೆಯ ಪುಟಗಳ ಛಾಯಾಪ್ರತಿ ಮತ್ತು ಆ ದಿನದ ಧಾರಣೆ ಇರುತ್ತದೆ. ಮೂರನೆಯ ಪರದೆ ಕೌಂಟರಿನ ಹೊರಗೆ, ಅಂದರೆ ತಮ್ಮ ಕಡೆಗೆ, ಮುಖ ಮಾಡಿದೆ. ತಾವು ತಂದ ಮಾಲು ರಾಶಿಯೋ, ಬೆಟ್ಟೆಯೋ, ಗೊರಬಲೋ. ಕಾಫಿಯಾದರೆ ಚೆರಿಯೋ, ಪಾರ್ಚ್‌ಮೆಂಟೋ. ತೂಕವೆಷ್ಟು, ತೇವಾಂಶವೆಷ್ಟು, ದರವೆಷ್ಟು, ಮುಂಗಡದಲ್ಲಿ ವಜಾ ಮಾಡಿದ್ದೆಷ್ಟು, ಕೈಗೆ ಬರುವುದೆಷ್ಟು, ಇವೆಲ್ಲವೂ ರಸೀದಿ ಮುದ್ರಣವಾಗುವ ಮೊದಲೇ ತಮಗೆ ಕಾಣುತ್ತವೆ.

ಇದರ ಪ್ರಯೋಜನ ಸಣ್ಣದಲ್ಲ. ನಮ್ಮ ಕಡೆ ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರು ಮೂವರು ಸದಸ್ಯರಿರುವುದು ಸಾಮಾನ್ಯ. ತಂದೆಯ ಹೆಸರೂ ಒಂದೇ ಆಗಿರುವುದುಂಟು. ಒಬ್ಬರ ಮಾಲು ಇನ್ನೊಬ್ಬರ ಖಾತೆಗೆ ಹೋದರೆ ಅದು ತಿಳಿಯುವುದು ವರ್ಷದ ಕೊನೆಗೆ, ಆಗ ಮನಸ್ತಾಪ. ಪರದೆ ಎದುರಿಗಿದ್ದರೆ ಸದಸ್ಯರೇ "ಇದು ನನ್ನ ಖಾತೆ ಸಂಖ್ಯೆಯಲ್ಲ" ಎಂದು ಅಲ್ಲೇ ಹೇಳುತ್ತಾರೆ. ಓದಲು ಬಾರದವರ ಜೊತೆಗೆ ಬಂದ ಮೊಮ್ಮಗಳು ಓದಿ ಹೇಳುತ್ತಾಳೆ. ತೂಕದಲ್ಲಿ ಮೋಸ, ಲೆಕ್ಕದಲ್ಲಿ ಮರೆಮಾಚು ಎಂಬ ಸಂಶಯದಿಂದ ಹಿಂದೆ ಎಷ್ಟು ಬೆಳೆಗಾರರ ಮನಸ್ಸು ಕೆಟ್ಟಿದೆಯೆಂಬುದು ತಮಗೆ ತಿಳಿದದ್ದೇ. ಸಹಕಾರ ಸಂಘ ನಿಂತಿರುವುದು ನಂಬಿಕೆಯ ಮೇಲೆ. ಆ ನಂಬಿಕೆಗೆ ಒಂದು ಪರದೆಯ ಖರ್ಚು ಹೆಚ್ಚಲ್ಲವೆಂದು ನಾವು ಭಾವಿಸಿದ್ದೇವೆ.

ಚುಕ್ಕಿಗಳ ಲೆಕ್ಕ

ಪರದೆಯ ಮೇಲಿನ ಚಿತ್ರ, ಅಕ್ಷರಗಳೆಲ್ಲ ಸಣ್ಣ ಚುಕ್ಕಿಗಳಿಂದ ಆದವು. ಪೂರ್ಣ ಎಚ್.ಡಿ. ಎಂದು ಕರೆಯುವ ಸಾಧಾರಣ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಚುಕ್ಕಿಗಳಿರುತ್ತವೆ. 4ಕೆ ಎಂದು ಕರೆಯುವ ಪರದೆಯಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160. ಒಟ್ಟು 82,94,400, ಅಂದರೆ ಸರಿಯಾಗಿ ನಾಲ್ಕು ಪಟ್ಟು.

ಈ ಹೆಚ್ಚುವರಿ ಚುಕ್ಕಿಗಳಿಂದ ಕನ್ನಡಿಗರಿಗೆ ವಿಶೇಷ ಅನುಕೂಲವಿದೆ. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಅಕ್ಷರದ ಅಡಿಯಲ್ಲಿ ಚಿಕ್ಕದಾಗಿ ಕೂರುತ್ತವೆ. 24 ಅಂಗುಲದ ಸಾಧಾರಣ ಪರದೆಯಲ್ಲಿ ಒಂದು ಅಂಗುಲಕ್ಕೆ ಸುಮಾರು 92 ಚುಕ್ಕಿ. ಸಣ್ಣ ಅಕ್ಷರದಲ್ಲಿ ಬರೆದಾಗ ಒತ್ತುಗಳು ಒಂದಕ್ಕೊಂದು ಕಲಸಿಕೊಳ್ಳುತ್ತವೆ. 27 ಅಂಗುಲದ 4ಕೆ ಪರದೆಯಲ್ಲಿ ಅಂಗುಲಕ್ಕೆ ಸುಮಾರು 163 ಚುಕ್ಕಿ. ಪಹಣಿಯ ಇಡೀ ಪುಟವನ್ನು ಮೇಲೆ ಕೆಳಗೆ ಸರಿಸದೆ ಒಮ್ಮೆಗೇ ಓದಬಹುದು. ದಿನಕ್ಕೆ ಎಂಟು ಗಂಟೆ ಕೂರುವ ಗುಮಾಸ್ತರ ಕಣ್ಣಿಗೂ ಶ್ರಮ ಕಡಿಮೆ.

ಆದರೆ ಇಷ್ಟು ಚುಕ್ಕಿಗಳನ್ನು ಗಣಕಯಂತ್ರವು ಸೆಕೆಂಡಿಗೆ 60 ಸಲ ಹೊಸದಾಗಿ ಕಳಿಸಬೇಕು. ಪ್ರತಿ ಚುಕ್ಕಿಯ ಬಣ್ಣಕ್ಕೆ 24 ಬಿಟ್ ಎಂದರೆ, ಒಂದು 4ಕೆ ಪರದೆಗೆ ಸೆಕೆಂಡಿಗೆ ಸುಮಾರು 1,200 ಕೋಟಿ ಬಿಟ್‌ಗಳು ಹರಿಯಬೇಕಾಯಿತು. ಮುಂದಿನ ಎಲ್ಲ ವಿಚಾರಕ್ಕೂ ಈ ಒಂದು ಸಂಖ್ಯೆಯೇ ಮೂಲ. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳತಕ್ಕದ್ದು.

ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಪಂಪು ದೊಡ್ಡದಿದ್ದು ಪೈಪು ಸಣ್ಣದಾದರೆ ಜೆಟ್ ತಿರುಗದು. ಪೈಪು ದೊಡ್ಡದಿದ್ದು ನಡುವೆ ಒಂದು ಸಣ್ಣ ವಾಲ್ವು ಇದ್ದರೂ ಅಷ್ಟೆ. ಇಲ್ಲಿಯೂ ಯಂತ್ರ, ಕಿಂಡಿ, ಕೇಬಲ್ಲು, ಪರದೆ, ಈ ನಾಲ್ಕರಲ್ಲಿ ಯಾವುದು ಅತಿ ಸಣ್ಣದೋ ಅದೇ ಕೊನೆಗೆ ನಿರ್ಣಾಯಕ.

ಪುಟ್ಟ ಯಂತ್ರದ ಮಿತಿ

ಹಳೆಯ ದೊಡ್ಡ ಪೆಟ್ಟಿಗೆಯ ಗಣಕಯಂತ್ರದಲ್ಲಿ ಪರದೆ ಹೆಚ್ಚು ಬೇಕಾದರೆ ಒಳಗೆ ಬೇರೆ ಕಾರ್ಡು ಕೂರಿಸಬಹುದಿತ್ತು. ಊಟದ ಡಬ್ಬಿಯಷ್ಟಿರುವ ಈಗಿನ ಪುಟ್ಟ ಯಂತ್ರಗಳಲ್ಲಿ ಸಾಮಾನ್ಯವಾಗಿ ಆ ಜಾಗವಿಲ್ಲ. ಆಪಲ್ ಸಂಸ್ಥೆಯ ಮ್ಯಾಕ್ ಮಿನಿ 2005ರಲ್ಲಿ ಬಂತು. ಇಂಟೆಲ್ ಸಂಸ್ಥೆಯ ಎನ್.ಯು.ಸಿ. ಎಂಬ ನಾಲ್ಕು ಅಂಗುಲ ಚೌಕದ ಯಂತ್ರ 2012-13ರ ಸುಮಾರಿಗೆ ಬಂತು. 2023ರಲ್ಲಿ ಇಂಟೆಲ್ ಅದರಿಂದ ಕೈಬಿಟ್ಟಾಗ ಏಸಸ್ ಸಂಸ್ಥೆ ಮುಂದುವರಿಸಿತು. ಡೆಲ್, ಲೆನೊವೊ, ಎಚ್.ಪಿ. ಸಂಸ್ಥೆಗಳೂ ಕಚೇರಿಗಳಿಗಾಗಿ ಇಂತಹ ಯಂತ್ರಗಳನ್ನು ಮಾಡುತ್ತವೆ. ಇವುಗಳಲ್ಲಿ ಎಷ್ಟು ಪರದೆ ನಡೆಯಬೇಕೆಂಬುದನ್ನು ಬಹುಮಟ್ಟಿಗೆ ಒಳಗಿನ ಪ್ರಾಸೆಸರೇ ನಿರ್ಧರಿಸುತ್ತದೆ.

2012ರ ಮೂರನೆಯ ತಲೆಮಾರಿನಿಂದ ಇಂಟೆಲ್ ಪ್ರಾಸೆಸರುಗಳು ಸಾಮಾನ್ಯವಾಗಿ ಮೂರು ಪರದೆಗಳನ್ನು, 2020ರ ಹನ್ನೊಂದನೆಯ ತಲೆಮಾರಿನಿಂದ ನಾಲ್ಕನ್ನು ನಡೆಸುತ್ತವೆ. 2020ರ ಎಂ1 ಮ್ಯಾಕ್ ಮಿನಿ ನಡೆಸುವುದು ಎರಡನ್ನು ಮಾತ್ರ. 2024ರ ಎಂ4 ಮ್ಯಾಕ್ ಮಿನಿ ಮೂರನ್ನು ನಡೆಸುತ್ತದೆ. ಅಂಗೈಯಗಲದ ರಾಸ್ಪ್‌ಬೆರಿ ಪೈ ಯಂತ್ರವನ್ನು ನೋಡಿ. 2019ರ ನಾಲ್ಕನೆಯ ಮಾದರಿಗೆ ಎರಡು ಕಿಂಡಿಗಳಿವೆ. ಒಂದೇ 4ಕೆ ಪರದೆಯಾದರೆ ಸೆಕೆಂಡಿಗೆ 60 ಸಲ ಚಿತ್ರ ಕಳಿಸಬಲ್ಲದು. ಎರಡೂ 4ಕೆ ಆದರೆ 30ಕ್ಕೆ ಇಳಿಯುತ್ತದೆ. 2023ರ ಐದನೆಯ ಮಾದರಿ ಎರಡಕ್ಕೂ 60 ಕೊಡುತ್ತದೆ. ಬೆನ್ನಿನಲ್ಲಿ ಎರಡು ಕಿಂಡಿ ಕಂಡಿತೆಂದು ಎರಡು ದೊಡ್ಡ ಪರದೆಯೂ ಸುಸೂತ್ರವಾಗಿ ನಡೆಯುತ್ತದೆ ಎಂದು ತಿಳಿಯಬಾರದೆಂಬುದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಕಿಂಡಿಗಳ ಗುಣ ದೋಷ

ಎಚ್.ಡಿ.ಎಂ.ಐ. ಎಂಬ ಕಿಂಡಿ ದೂರದರ್ಶನ ಪೆಟ್ಟಿಗೆಯಲ್ಲೂ ಇರುವುದರಿಂದ ಎಲ್ಲರಿಗೂ ಪರಿಚಿತ. ಇದರ ಆಕಾರ ಬದಲಾಗಿಲ್ಲ, ಶಕ್ತಿ ಬದಲಾಗಿದೆ. 2009ರ 1.4 ಆವೃತ್ತಿಯಲ್ಲಿ ಚಿತ್ರಕ್ಕೆ ಸಿಗುವುದು ಸೆಕೆಂಡಿಗೆ ಸುಮಾರು 816 ಕೋಟಿ ಬಿಟ್. ನಮಗೆ ಬೇಕಾದದ್ದು 1,200 ಕೋಟಿ. ಹಾಗಾಗಿ 4ಕೆ ಪರದೆಗೆ ಅದು ಸೆಕೆಂಡಿಗೆ 30 ಸಲ ಮಾತ್ರ ಚಿತ್ರ ಕಳಿಸುತ್ತದೆ. ಪರದೆ ಹೊತ್ತಿಕೊಳ್ಳುತ್ತದೆ, ಚಿತ್ರವೂ ಸ್ಪಷ್ಟವಾಗಿಯೇ ಇರುತ್ತದೆ. ಆದರೆ ಮೌಸಿನ ಬಾಣ ಎಳೆದೆಳೆದು ಸಾಗುತ್ತದೆ, ಪುಟ ಸರಿಸುವಾಗ ಕಣ್ಣು ನೋಯುತ್ತದೆ. ಬಹಳ ಜನ ಯಂತ್ರವೇ ನಿಧಾನವೆಂದು ದೂರುವುದಕ್ಕೆ ಇದು ಕಾರಣ. 2013ರ 2.0 ಆವೃತ್ತಿಯಲ್ಲಿ 1,440 ಕೋಟಿ ಸಿಗುವುದರಿಂದ 4ಕೆ ಪರದೆ 60ರಲ್ಲಿ ನಡೆಯುತ್ತದೆ. 2017ರ 2.1 ಆವೃತ್ತಿಯ ಶಕ್ತಿ ಇನ್ನೂ ಬಹಳ ಹೆಚ್ಚು.

ಡಿಸ್‌ಪ್ಲೇ ಪೋರ್ಟ್ ಎಂಬುದು ಕಚೇರಿ ಯಂತ್ರಗಳಲ್ಲಿ ಹೆಚ್ಚು. ಒಂದು ಮೂಲೆ ಕತ್ತರಿಸಿದಂತಿರುವ ಆಯತಾಕಾರದ ಕಿಂಡಿ. ಇದರ 1.2 ಆವೃತ್ತಿಯಲ್ಲಿಯೇ 1,728 ಕೋಟಿ ಬಿಟ್ ಹರಿಯುತ್ತದೆ, 1.4 ಆವೃತ್ತಿಯಲ್ಲಿ 2,592 ಕೋಟಿ. ಎರಡೂ ಕಿಂಡಿಗಳಿರುವ ಹಳೆಯ ಯಂತ್ರದಲ್ಲಿ 4ಕೆ ಪರದೆಯನ್ನು ಡಿಸ್‌ಪ್ಲೇ ಪೋರ್ಟಿಗೂ, ಸಾಧಾರಣ ಪರದೆಯನ್ನು ಎಚ್.ಡಿ.ಎಂ.ಐ.ಗೂ ಕೊಡುವುದು ಸರಿಯಾದ ಕ್ರಮ.

ಯು.ಎಸ್.ಬಿ. ಸಿ ಎಂಬ ಚಿಕ್ಕ ಅಂಡಾಕಾರದ ಕಿಂಡಿಯ ವಿಷಯದಲ್ಲಿ ಅತಿ ಹೆಚ್ಚು ಎಚ್ಚರ ಬೇಕು. ಸಿಪ್ಪೆ ನೋಡಿ ಅಡಿಕೆಯ ದರ್ಜೆ ಹೇಳಲಾಗದಂತೆ, ಈ ಕಿಂಡಿಯ ರೂಪ ನೋಡಿ ಗುಣ ಹೇಳಲಾಗದು. ಕೆಲವು ದತ್ತಾಂಶಕ್ಕೆ ಮಾತ್ರ, ಕೆಲವು ವಿದ್ಯುತ್ತಿಗೆ ಮಾತ್ರ, ಕೆಲವು ಚಿತ್ರವನ್ನೂ ಒಯ್ಯುತ್ತವೆ. ಚಿತ್ರ ಒಯ್ಯುವ ಕಿಂಡಿಯ ಪಕ್ಕದಲ್ಲಿ ಡಿಸ್‌ಪ್ಲೇ ಪೋರ್ಟಿನ ಚಿಹ್ನೆ ಅಥವಾ ಮಿಂಚಿನ ಚಿಹ್ನೆ ಇರುವುದುಂಟು. ಮಿಂಚಿನ ಚಿಹ್ನೆ ಥಂಡರ್‌ಬೋಲ್ಟ್‌ನದು. 2020ರಲ್ಲಿ ಬಂದ ಥಂಡರ್‌ಬೋಲ್ಟ್ 4 ಇರುವ ಯಂತ್ರವು ಎರಡು 4ಕೆ ಪರದೆಗಳನ್ನು ನಡೆಸಲೇಬೇಕೆಂಬ ನಿಯಮವಿದೆ. ಚಿಹ್ನೆ ಇಲ್ಲದಿದ್ದರೆ ತಯಾರಕರ ಮಾಹಿತಿ ಪುಸ್ತಿಕೆ ನೋಡದೆ ಹಣ ಕೊಡಬಾರದು.

ಇದೇ ಕಿಂಡಿಗೆ ಹಾಕುವ ಅಗ್ಗದ ಕವಲು ಪೆಟ್ಟಿಗೆಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಿಂಡಿಯೊಳಗೆ ನಾಲ್ಕು ಕಾಲುವೆಗಳಿದ್ದು, ವೇಗದ ದತ್ತಾಂಶಕ್ಕೆ ಎರಡನ್ನು ಕೊಟ್ಟರೆ ಚಿತ್ರಕ್ಕೆ ಉಳಿಯುವುದು ಎರಡೇ. ಆಗ 4ಕೆ ಪರದೆ ಮತ್ತೆ 30ಕ್ಕೆ ಇಳಿಯುವ ಸಂಭವವಿದೆ. ಪೆಟ್ಟಿಗೆಯ ಮೇಲೆ "4ಕೆ" ಎಂದು ಬರೆದಿದ್ದರೆ ಸಾಲದು, ಅದರ ಮುಂದೆ 60 ಎಂದಿದೆಯೋ 30 ಎಂದಿದೆಯೋ ನೋಡಿಕೊಳ್ಳಬೇಕು.

ಜೋಡಣೆಯ ತುಂಡುಗಳು ಮತ್ತು ಕೇಬಲ್ಲು

ಕಿಂಡಿ ಒಂದು ಬಗೆ, ಪರದೆ ಇನ್ನೊಂದು ಬಗೆಯಾದಾಗ ನಡುವೆ ಜೋಡಣೆಯ ತುಂಡು ಬೇಕಾಗುತ್ತದೆ. ಯಂತ್ರದ ಡಿಸ್‌ಪ್ಲೇ ಪೋರ್ಟಿನಿಂದ ಎಚ್.ಡಿ.ಎಂ.ಐ. ಪರದೆಗೆ ಹೋಗುವ ಸರಳ ತುಂಡು ಅಗ್ಗವಾಗಿ ಸಿಗುತ್ತದೆ. ಆದರೆ ಅದು ಏಕಮುಖ ವಾಲ್ವು ಇದ್ದಂತೆ. ಅದನ್ನೇ ತಿರುಗಿಸಿ ಹಾಕಿ, ಯಂತ್ರದ ಎಚ್.ಡಿ.ಎಂ.ಐ.ನಿಂದ ಡಿಸ್‌ಪ್ಲೇ ಪೋರ್ಟ್ ಪರದೆಗೆ ಚಿತ್ರ ಹರಿಸಲಾಗದು. ಅದಕ್ಕೆ ಪರಿವರ್ತನೆ ಮಾಡುವ, ಪ್ರತ್ಯೇಕ ವಿದ್ಯುತ್ ಬೇಡುವ ತುಂಡೇ ಬೇಕು.

ಡಿಸ್‌ಪ್ಲೇ ಪೋರ್ಟಿನಲ್ಲಿ ಒಂದು ಪರದೆಯಿಂದ ಇನ್ನೊಂದಕ್ಕೆ ಸರಪಳಿಯಂತೆ ಜೋಡಿಸುವ ಸೌಲಭ್ಯ 1.2 ಆವೃತ್ತಿಯಿಂದ ಇದೆ. ಒಂದೇ ಕಿಂಡಿಯ ಹರಿವನ್ನು ಹಂಚಿಕೊಳ್ಳಬೇಕಾದ್ದರಿಂದ ಸಾಧಾರಣ ಪರದೆಗಳಿಗೆ ಇದು ಅನುಕೂಲ. ಎರಡು 4ಕೆ ಪರದೆಗಳಿಗೆ 1.2ರ ಹರಿವು ಸಾಲದು. 1.4ರಲ್ಲಿ ಬಹು ಬಿಗಿಯಾಗಿ ಸಾಲುತ್ತದೆ. ಮ್ಯಾಕ್ ಯಂತ್ರಗಳಲ್ಲಿ ಈ ರೀತಿಯ ಸರಪಳಿಯಲ್ಲಿ ಎರಡು ಪರದೆಯಲ್ಲೂ ಒಂದೇ ಚಿತ್ರ ಮೂಡುತ್ತದೆಯೇ ಹೊರತು ಬೇರೆ ಬೇರೆ ಚಿತ್ರ ಬಾರದು.

ಕಿಂಡಿಯೇ ಸಾಲದೆ ಬಂದರೆ ಡಿಸ್‌ಪ್ಲೇ ಲಿಂಕ್ ಎಂಬ ಉಪಾಯವಿದೆ. ಚಿತ್ರವನ್ನು ತಂತ್ರಾಂಶದ ಮೂಲಕ ಒತ್ತಿ ಚಿಕ್ಕದು ಮಾಡಿ ಸಾಮಾನ್ಯ ಯು.ಎಸ್.ಬಿ. ಕಿಂಡಿಯಿಂದ ಕಳಿಸುತ್ತದೆ. ಅಕ್ಷರ, ಅಂಕಿಗಳ ಕೆಲಸಕ್ಕೆ ಇದು ಸಾಕು. ಆದರೆ ಆ ಒತ್ತುವ ಕೆಲಸ ಪ್ರಾಸೆಸರಿನ ಮೇಲೆ ಬೀಳುತ್ತದೆ. ಪುಟ್ಟ ಯಂತ್ರ ಬಿಸಿಯೇರುತ್ತದೆ. ಬೇರೆ ದಾರಿ ಇಲ್ಲದಾಗ ಮಾತ್ರ ಇದನ್ನು ಬಳಸುವುದು ಒಳಿತು.

ಕೇಬಲ್ಲಿನ ವಿಷಯದಲ್ಲಿ ಒಂದೇ ಮಾತು. ಬೇಕಾದಷ್ಟೇ ಉದ್ದ, ಒಳ್ಳೆಯ ಗುಣಮಟ್ಟ. ಉದ್ದ ಹೆಚ್ಚಿದಷ್ಟೂ ಸಂಕೇತ ಕುಂದುತ್ತದೆ. 4ಕೆ ಪರದೆಗೆ ಎರಡು ಮೀಟರಿನೊಳಗೆ ಮುಗಿಸಿದರೆ ತೊಂದರೆ ಕಡಿಮೆ. ಪರದೆ ಆಗಾಗ್ಗೆ ಕ್ಷಣಕಾಲ ಕಪ್ಪಾಗಿ ಮರಳಿ ಬಂದರೆ ಮೊದಲು ಸಂಶಯಿಸಬೇಕಾದದ್ದು ಕೇಬಲ್ಲನ್ನು.

ನಾವು ಮಾಡಿದ ವ್ಯವಸ್ಥೆ

ನಮ್ಮ ಸಂಘಕ್ಕೆ ಕೊಂಡದ್ದು ಕಚೇರಿಯೊಂದರಲ್ಲಿ ಬಳಸಿ ಬಿಟ್ಟ, ಇಂಟೆಲ್ ಎಂಟನೆಯ ತಲೆಮಾರಿನ ಪುಟ್ಟ ಯಂತ್ರ. ಎಂಟನೆಯ ತಲೆಮಾರೇ ಏಕೆಂದರೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರಿಗೆ ಮುಗಿಯಿತು. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪಿರುವ ಇಂಟೆಲ್ ಪ್ರಾಸೆಸರುಗಳು ಬಹುಪಾಲು ಎಂಟನೆಯ ತಲೆಮಾರಿನಿಂದ ಈಚಿನವು. ಹಳೆಯ ಯಂತ್ರ ಅಗ್ಗಕ್ಕೆ ಸಿಕ್ಕಿತೆಂದು ಅದಕ್ಕಿಂತ ಹಿಂದಿನದನ್ನು ಕೊಂಡರೆ, ಸದಸ್ಯರ ಹಣಕಾಸಿನ ಲೆಕ್ಕ ಇರುವ ಯಂತ್ರಕ್ಕೆ ರಕ್ಷಣೆಯ ತಿದ್ದುಪಡಿಗಳು ಬರುವುದಿಲ್ಲ.

ಈ ಯಂತ್ರಕ್ಕೆ ಎರಡು ಡಿಸ್‌ಪ್ಲೇ ಪೋರ್ಟ್, ಒಂದು ಎಚ್.ಡಿ.ಎಂ.ಐ. ಇವೆ. ಗುಮಾಸ್ತರ ಎರಡು 27 ಅಂಗುಲದ 4ಕೆ ಪರದೆಗಳನ್ನು ಡಿಸ್‌ಪ್ಲೇ ಪೋರ್ಟಿಗೆ ಹಾಕಿದ್ದೇವೆ. ಸದಸ್ಯರ ಕಡೆಯ ಪರದೆಗೆ ಹಣ ಸುರಿಯುವ ಅಗತ್ಯ ಕಾಣಲಿಲ್ಲ. ದೊಡ್ಡ ಅಕ್ಷರದಲ್ಲಿ ಹತ್ತು ಸಾಲು ತೋರಿಸಲು ಪೂರ್ಣ ಎಚ್.ಡಿ. ಧಾರಾಳ. ಕಚೇರಿಯಲ್ಲಿ ಮೊದಲಿದ್ದ ಪರದೆಯನ್ನೇ ಎಚ್.ಡಿ.ಎಂ.ಐ.ಗೆ ಹಾಕಿ ಆ ಕೆಲಸಕ್ಕೆ ಬಳಸಿದ್ದೇವೆ. ಮೂರೂ ಸೇರಿ 1,86,62,400 ಚುಕ್ಕಿಗಳು. ಮೂರೂ 60ರಲ್ಲಿ ನಡೆಯುತ್ತಿವೆ.

ಯಂತ್ರದ ಸ್ಮರಣೆಯ ಪಟ್ಟಿಯನ್ನು ಒಂದೇ 16 ಜಿ.ಬಿ.ಯದು ಹಾಕದೆ ಎಂಟೆಂಟರ ಎರಡು ಹಾಕಿಸಿದೆವು. ಪುಟ್ಟ ಯಂತ್ರಗಳಲ್ಲಿ ಚಿತ್ರದ ಕೆಲಸಕ್ಕೆ ಪ್ರತ್ಯೇಕ ಸ್ಮರಣೆಯಿಲ್ಲ, ಮುಖ್ಯ ಸ್ಮರಣೆಯನ್ನೇ ಹಂಚಿಕೊಳ್ಳಬೇಕು. ಎರಡು ಪಟ್ಟಿಗಳಿದ್ದರೆ ಎರಡು ದಾರಿ ತೆರೆದಂತಾಗಿ ಹರಿವು ಸರಾಗ.

ಜೋಡಿಸಿದ ನಂತರ ಮೂರು ಕೆಲಸಗಳನ್ನು ಮರೆಯಬಾರದು. ಒಂದು, ವಿಂಡೋಸಿನ ಪರದೆಯ ಏರ್ಪಾಟಿನಲ್ಲಿ ಪ್ರತಿ ಪರದೆಯೂ 60ರಲ್ಲಿ ಇದೆಯೇ ಎಂದು ನೋಡುವುದು. ಎರಡು, 4ಕೆ ಪರದೆಯಲ್ಲಿ ಅಕ್ಷರಗಳು ಕಡುಚಿಕ್ಕದಾಗಿ ಕಾಣುವುದರಿಂದ ಗಾತ್ರವನ್ನು ಶೇಕಡಾ 150ಕ್ಕೆ ಏರಿಸುವುದು. ಮೂರು, ಬಹು ಮುಖ್ಯವಾದದ್ದು: ಪರದೆಗಳನ್ನು "ನಕಲು" ಎಂದಿಡದೆ "ವಿಸ್ತರಣೆ" ಎಂದಿಡುವುದು. ನಕಲು ಎಂದಿಟ್ಟರೆ ಗುಮಾಸ್ತರು ತೆರೆದದ್ದೆಲ್ಲ ಹೊರಗಿನ ಪರದೆಯಲ್ಲೂ ಕಾಣುತ್ತದೆ. ಒಬ್ಬರ ಸಾಲದ ಬಾಕಿ, ಅಡವಿನ ವಿವರ ಸಾಲಿನಲ್ಲಿ ನಿಂತವರಿಗೆಲ್ಲ ಕಾಣುವುದು ಮರ್ಯಾದೆಯಲ್ಲ. ವಿಸ್ತರಣೆಯಲ್ಲಿ ಆಯಾ ಸದಸ್ಯರ ಖರೀದಿ ಪಟ್ಟಿ ಮಾತ್ರ ಹೊರಗೆ ಹೋಗುತ್ತದೆ.

ಮಲೆನಾಡಿನ ಮುನ್ನೆಚ್ಚರಿಕೆ

ಹೂಮಳೆಯ ಕಾಲದ ಗುಡುಗು ಸಿಡಿಲು ನಮಗೆ ಹೊಸದಲ್ಲ. ಯಂತ್ರ ಮತ್ತು ಮೂರು ಪರದೆಗಳು ತಂತಿಯಿಂದ ಒಂದಕ್ಕೊಂದು ಬೆಸೆದುಕೊಂಡಿರುವುದರಿಂದ ಒಂದಕ್ಕೆ ಬಂದ ಆಘಾತ ಎಲ್ಲಕ್ಕೂ ಹರಡಬಹುದು. ಮೋಡ ಕಟ್ಟಿದ ಕೂಡಲೇ ಎಲ್ಲ ಪ್ಲಗ್ಗುಗಳನ್ನೂ, ಇಂಟರ್ನೆಟ್ಟಿನ ತಂತಿಯನ್ನೂ ಕಿತ್ತಿಡಬೇಕು. ಸ್ವಿಚ್ಚು ಆರಿಸಿದರೆ ಸಾಲದು. ಎಲ್ಲವನ್ನೂ ಒಂದೇ ಯು.ಪಿ.ಎಸ್.ಗೆ, ಒಂದೇ ಸರಿಯಾದ ಅರ್ತಿಂಗಿಗೆ ಸೇರಿಸತಕ್ಕದ್ದು. ಪುಟ್ಟ ಯಂತ್ರ ಮತ್ತು ಮೂರು ಪರದೆ ಸೇರಿ ಸಾಮಾನ್ಯವಾಗಿ 200 ವಾಟ್ ದಾಟುವುದಿಲ್ಲವಾದ್ದರಿಂದ ಸಾಧಾರಣ ಯು.ಪಿ.ಎಸ್. ಸಾಕು. ಲೇಸರ್ ಮುದ್ರಣ ಯಂತ್ರವನ್ನು ಮಾತ್ರ ಅದಕ್ಕೆ ಹಾಕಬಾರದು.

ಪುಟ್ಟ ಯಂತ್ರವನ್ನು ಪರದೆಯ ಬೆನ್ನಿಗೆ ತಿರುಪಿನಿಂದ ಕಟ್ಟುವ ಅನುಕೂಲವಿದೆ. ಆದರೆ ಅದರ ಗಾಳಿಯ ಕಂಡಿಗಳು ಮುಚ್ಚಬಾರದು. ಮಾಲು ಸುರಿಯುವ ಜಾಗದಿಂದ ದೂರವಿಡಬೇಕು. ಅಡಿಕೆಯ ಧೂಳು ಒಳಗಿನ ಸಣ್ಣ ಫ್ಯಾನಿಗೆ ಮುಸುಕಿದರೆ ಯಂತ್ರ ಕಾದು ನಿಧಾನವಾಗುತ್ತದೆ. ಆರು ತಿಂಗಳಿಗೊಮ್ಮೆ ತೆಗೆದು ಶುಚಿ ಮಾಡಿಸುವುದು ಮೇಲು.

ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು

1. ಈ ಯಂತ್ರದ ಪ್ರಾಸೆಸರು ಏಕಕಾಲಕ್ಕೆ ಎಷ್ಟು ಪರದೆ ನಡೆಸುತ್ತದೆ?

2. ಎಲ್ಲ ಪರದೆಗಳೂ ಒಟ್ಟಿಗೆ ಇದ್ದಾಗ ಪ್ರತಿಯೊಂದೂ ಯಾವ ಗಾತ್ರದಲ್ಲಿ, ಸೆಕೆಂಡಿಗೆ ಎಷ್ಟು ಸಲ ನಡೆಯುತ್ತದೆ?

3. ಎಚ್.ಡಿ.ಎಂ.ಐ. ಮತ್ತು ಡಿಸ್‌ಪ್ಲೇ ಪೋರ್ಟ್ ಯಾವ ಆವೃತ್ತಿಯವು?

4. ಯು.ಎಸ್.ಬಿ. ಸಿ ಕಿಂಡಿಯಿಂದ ಚಿತ್ರ ಬರುತ್ತದೆಯೇ?

5. ಕೇಬಲ್ಲು ಮತ್ತು ಜೋಡಣೆಯ ತುಂಡು ಯಾವ ದಿಕ್ಕಿನವು, 4ಕೆ 60ಕ್ಕೆ ತಕ್ಕವೇ?

6. ತಮ್ಮ ಎದುರಿಗೇ ಎಲ್ಲ ಪರದೆಗಳನ್ನೂ ಜೋಡಿಸಿ ತೋರಿಸುವರೇ?

ಮೊದಲ ಐದಕ್ಕೆ ಉತ್ತರವನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳುವುದು ಉತ್ತಮ. ಆರನೆಯದಕ್ಕೆ "ಇಲ್ಲ" ಎಂದರೆ ಬೇರೆ ಅಂಗಡಿ ನೋಡುವುದು. ಗಿಡ ಕೊಳ್ಳುವಾಗ ತೊಟ್ಟೆ ಬಿಚ್ಚಿ ಬೇರು ನೋಡುವ ನಾವು ಇದರಲ್ಲಿ ಸಂಕೋಚ ಪಡಬೇಕಾದ್ದಿಲ್ಲ.

ಈ ವ್ಯವಸ್ಥೆಯ ಬಿಲ್ಲುಗಳನ್ನು ಸಂಘದ ಕಚೇರಿಯಲ್ಲಿ ಯಾವ ಸದಸ್ಯರೂ ಕೆಲಸದ ವೇಳೆಯಲ್ಲಿ ನೋಡಬಹುದು. ಮಕ್ಕಳಿಗಾಗಿ ಪರದೆ ಕೊಳ್ಳಬೇಕೆಂದಿರುವವರು ಯಂತ್ರದ ಹೆಸರು, ಮಾದರಿ ಸಂಖ್ಯೆ ಬರೆದುಕೊಂಡು ಬಂದರೆ ನಮಗೆ ತಿಳಿದಷ್ಟನ್ನು ನೋಡಿ ಹೇಳುತ್ತೇವೆ. ಇನ್ನು ಮಾಲು ತಂದಾಗ, ದಯವಿಟ್ಟು ತಮ್ಮ ಕಡೆಗಿರುವ ಪರದೆಯನ್ನು ಪೂರ್ತಿ ಓದಿ, ಹೆಸರು, ಖಾತೆ ಸಂಖ್ಯೆ, ತೂಕ, ದರ ಸರಿಯಿದೆಯೆಂದು ಒಪ್ಪಿದ ಮೇಲೆಯೇ ರಸೀದಿ ಪಡೆಯಬೇಕೆಂದು ವಿನಂತಿಸುತ್ತೇವೆ. ಆ ಪರದೆ ಇರುವುದೇ ತಮಗಾಗಿ.